ನಲವತ್ತೈದು ನಿಮಿಷ, ಹದಿನಾಲ್ಕನೇ ನಂಬರಿನ ಹುಡುಗಿಯದು

ಇದನ್ನು ಬರೆಯಲು ನಾನು ತಕ್ಕವಳಲ್ಲ, ಕ್ಷಮಿಸಿ. ಫುಟ್‌ಬಾಲ್ ಆಡಿದವಳಲ್ಲ, ಸ್ಪೇನ್ ನೋಡಿದವಳಲ್ಲ. ಆಫ್‌ಸೈಡ್ ಎಂದರೆ ಏನೆಂದು ಮೂರು ಸಲ ಹೇಳಿಸಿಕೊಂಡರೂ ತಲೆಗೆ ಹತ್ತಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತಷ್ಟು ಪತ್ರಿಕೋದ್ಯಮ ನನ್ನದು. ತಪ್ಪು ಬರೆದೇನೆಂಬ ಭಯಕ್ಕೆ ಎರಡು ತಿಂಗಳು ಸುಮ್ಮನಿದ್ದೆ. ಗೊತ್ತಿರುವವರು ಯಾರಾದರೂ ಬರೆದಾರು ಎಂದು ಕಾದೆ. ಯಾರೂ ಬರೆಯಲಿಲ್ಲ.

ಮೇ ತಿಂಗಳ ಒಂದು ಭಾನುವಾರ, ಬೆಳಗಿನ ಐದೂಕಾಲು. ಮಲೇಷ್ಯಾದ ಪುಚೊಂಗ್‌ನ ಒಂದು ಕಾಂಡೋದ ಹನ್ನೊಂದನೇ ಮಹಡಿ. ಮಸೀದಿಯ ಸುಬುಹ್, ಅಂದರೆ ಮುಂಜಾವಿನ ಬಾಂಗ್ ಇನ್ನೂ ಆಗಿಲ್ಲ. ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ರೋಟಿ ಚನಾಯ್ ಎಂಬ ಪರೋಟದ ಹಿಟ್ಟು ಬಡಿಯುವ ಸದ್ದು ಮಾತ್ರ ಕೇಳುತ್ತಿದೆ. ಊಟದ ಮೇಜಿನ ತುದಿಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತ ವಿನೋದಾ ಅವರ ಎಡಗೈ ಕೀಲಿಮಣೆಯ ಮೇಲೆ, ಬಲಗೈ ಮೌಸ್ ಮೇಲೆ. ತೆರೆಯಲ್ಲಿ ಸ್ಪೇನಿನ ಒಂದು ಮೈದಾನ. ನಿನ್ನೆ ಸಂಜೆ ಅಲ್ಲಿ ಆಡಿ ಮುಗಿಸಿದ ಪಂದ್ಯ. ಒಬ್ಬಳು ಚೆಂಡು ಒದೆಯುತ್ತಾಳೆ, ವಿನೋದಾ ನಿಲ್ಲಿಸುತ್ತಾರೆ. ಯಾರು ಒದ್ದರು, ಎಲ್ಲಿಂದ, ಯಾರಿಗೆ, ತಲುಪಿತೋ ಇಲ್ಲವೋ: ನಾಲ್ಕು ಒತ್ತು. ಮತ್ತೆ ಓಡಿಸುತ್ತಾರೆ. ಮತ್ತೆ ನಿಲ್ಲಿಸುತ್ತಾರೆ.

"ಮಾತಾಡ್ರಿ ಅಕ್ಕಾರ, ನನಗೇನ ತ್ರಾಸ ಇಲ್ಲ. ಕಣ್ಣ ಅಲ್ಲೇ ಇರತಾವ, ಕಿವಿ ಖಾಲಿ ಅದಾವ," ಎನ್ನುತ್ತಾರೆ.

ಈ ಕೆಲಸಕ್ಕೆ ಟ್ಯಾಗಿಂಗ್ ಎನ್ನುತ್ತಾರೆ. ಟಿವಿಯಲ್ಲಿ ಇಂಥ ಆಟಗಾರ್ತಿ ಇಷ್ಟು ಪಾಸ್ ಕೊಟ್ಟಳು, ಇಷ್ಟು ಸಲ ಚೆಂಡು ಕಸಿದಳು ಎಂದು ಅಂಕಿ ಬರುತ್ತದಲ್ಲ, ಅದನ್ನು ಯಂತ್ರ ಎಣಿಸುತ್ತದೆ ಎಂದೇ ನಾನು ತಿಳಿದಿದ್ದೆ. ಎಣಿಸುವುದು ವಿನೋದಾ. ತೊಂಬತ್ತು ನಿಮಿಷದ ಒಂದು ಪಂದ್ಯಕ್ಕೆ ಅವರಿಗೆ ಐದು ಗಂಟೆ ಹಿಡಿಯುತ್ತದೆ. ಒಂದು ಪಂದ್ಯದಲ್ಲಿ ಸುಮಾರು ಸಾವಿರದ ಒಂಬೈನೂರು ಸಂಗತಿ ದಾಖಲಾಗುತ್ತವೆ. ಸ್ಪೇನಿನ ಮಹಿಳೆಯರ ಅಗ್ರ ಲೀಗಿನಲ್ಲಿ ಹದಿನಾರು ತಂಡ, ಮೂವತ್ತು ಸುತ್ತು, ಒಟ್ಟು ಇನ್ನೂರ ನಲವತ್ತು ಪಂದ್ಯ. ಕಳೆದ ಸೀಸನ್ನಿನಲ್ಲಿ ಅದರಲ್ಲಿ ಅರವತ್ತೊಂದು ಇವರ ಪಾಲು. ನಾನು ಗುಣಿಸಿ ನೋಡಿದೆ, ಎರಡು ಸಲ. ಒಂದು ಲಕ್ಷ ಹದಿನೈದು ಸಾವಿರ ದಾಟುತ್ತದೆ. ಒಂದು ಕಡೆಯೂ ಇವರ ಹೆಸರಿಲ್ಲ.

ವಿನೋದಾ ಅವರಿಗೆ ನಲವತ್ತೆರಡು ವರ್ಷ. ಊರು ಹಾವೇರಿ. ಕಾಲೇಜಿನಲ್ಲಿ ಖೋ ಖೋ ಆಡಿ ಜಿಲ್ಲಾ ತಂಡಕ್ಕೆ ಹೋಗಿದ್ದವರು. ಪತಿ ಸದಾಶಿವ ಪೆಟಾಲಿಂಗ್ ಜಯಾದ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಾರೆ. ಅವರ ಜೊತೆ ಬಂದು ಹದಿಮೂರು ವರ್ಷವಾಯಿತು. ಆರು ವರ್ಷದ ಹಿಂದೆ ಅದೇ ಪೇಟೆಯ ಒಂದು ಕಂಪನಿ, ಹೆಸರು ಹಾಕುತ್ತಿಲ್ಲ, ಟ್ಯಾಗಿಂಗ್ ಪರೀಕ್ಷೆ ಇಟ್ಟಾಗ ಇವರು ಮೊದಲನೆಯವರಾಗಿ ಪಾಸಾದರು. ಖೋ ಖೋದಲ್ಲಿ ಬೆನ್ನ ಹಿಂದೆ ಬರುವವಳು ಯಾರೆಂದು ಹೆಜ್ಜೆಯ ಸದ್ದಿನಲ್ಲೇ ಹೇಳಬೇಕಂತೆ. ಇಲ್ಲಿ ಸದ್ದಿಲ್ಲ, ಹೆಜ್ಜೆ ಇದೆ.

"ನಂಬರ್ ಕಾಣಂಗಿಲ್ರಿ ಬಹಳ ಸಲ. ಗಂಡಸರ ಮ್ಯಾಚಿಗೆ ಹತ್ತು ಹದಿನೈದು ಕ್ಯಾಮೆರಾ. ಇವರಿಗೆ ಕೆಲವು ಮೈದಾನದಾಗ ಒಂದ. ಅದೂ ದೂರ ಎಲ್ಲೋ ಮ್ಯಾಲ. ಜಡಿ ನೋಡಬೇಕು, ನಡಿಗಿ ನೋಡಬೇಕು."

ಕ್ಯಾಮೆರಾ ಒಂದೇ ಅಲ್ಲ. ಇದೇ ಕಂಪನಿಯಲ್ಲಿ ಗಂಡಸರ ಪಂದ್ಯವೊಂದಕ್ಕೆ ಮೂವರು ಕೂರುತ್ತಾರೆ: ತಂಡಕ್ಕೊಬ್ಬರಂತೆ ಇಬ್ಬರು, ತಾಳೆ ನೋಡಲು ಮೂರನೆಯವರು. ಹೆಂಗಸರ ಪಂದ್ಯಕ್ಕೆ ಒಬ್ಬರೇ. ತಾಳೆ ನೋಡುವವರಿಲ್ಲ. ಗಂಡಸರ ಪಂದ್ಯದ ದಾಖಲೆಯಲ್ಲಿ ತಪ್ಪು ಸಿಕ್ಕರೆ ಸೀಸನ್ ಮುಗಿಯುವ ತನಕ ತಿದ್ದಬಹುದು. ಹೆಂಗಸರದ್ದು ನಲವತ್ತೆಂಟು ಗಂಟೆಯಲ್ಲಿ ಮುಚ್ಚುತ್ತದೆ. ಇದನ್ನು ಕೇಳಿ ನನಗೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮತ್ತೆ ಕೇಳಿದೆ, ನಾನೇ ತಪ್ಪಾಗಿ ಬರೆದುಕೊಂಡೆನೇನೋ ಎಂದು. ತಪ್ಪಾಗಿರಲಿಲ್ಲ.

ತೆರೆಯ ಮೇಲೆ ಒಬ್ಬ ಹುಡುಗಿ ಬರುತ್ತಾಳೆ. ವಿನೋದಾ ನಿಲ್ಲಿಸುತ್ತಾರೆ. "ನೋಡ್ರಿ, ಇಕಿನ ನಮ್ಮ ಹದಿನಾಲ್ಕು."

ಹೆಸರು ನಾನು ಬರೆಯುವುದಿಲ್ಲ. ವಿನೋದಾ ಕರೆಯುವುದೂ ನಂಬರಿನಿಂದಲೇ. ಇಪ್ಪತ್ಮೂರರ ಹುಡುಗಿ, ಮೈದಾನದ ನಡುವೆ ಆಡುವವಳು. ಕೆಲಸ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದು. ಚೆಂಡು ಬರುವ ಮೊದಲು ಎಡ ಭುಜದ ಮೇಲಿಂದ ಹಿಂದಕ್ಕೆ ಎರಡು ಸಲ ನೋಡುತ್ತಾಳೆ, ಎರಡನೆಯ ಸಲ ತುದಿಗಾಲಲ್ಲಿ ಏಳುತ್ತಾಳೆ. ವಿನೋದಾ ಹಿಂದಕ್ಕೆ ಓಡಿಸಿ ಮತ್ತೆ ತೋರಿಸುತ್ತಾರೆ. ಹೌದು, ತುದಿಗಾಲಲ್ಲಿ.

ಅಷ್ಟರಲ್ಲಿ ಮಗಳು ನಿಖಿತಾ ಎದ್ದು ನೀರು ಕುಡಿಯಲು ಬರುತ್ತಾಳೆ. ಹದಿನೈದು ವರ್ಷ. "ಆಂಟಿ, ಆಸ್ಕ್ ಹರ್ ಮೈ ಎಕ್ಸಾಮ್ ಡೇಟ್. ಶಿ ವೋಂಟ್ ನೋ. ಆದ್ರೆ ಫೋರ್ಟೀನ್ ಯಾವ ಕಾಲಲ್ಲಿ ಕಿಕ್ ಮಾಡ್ತಾಳೆ, ದಟ್ ಶಿ ನೋಸ್ ಲಾ," ಎನ್ನುತ್ತಾಳೆ, ಮಾತಿನ ಕೊನೆಗೆ ಇಲ್ಲಿಯವರ 'ಲಾ' ಸೇರಿಸಿ.

"ನಿನ್ನ ಎಕ್ಸಾಮ್ ಜೂನ್ ಎರಡು. ಹೋಗಿ ಮಲ್ಕೊ."

"ಜೂನ್ ನಾಲ್ಕು, ಅಮ್ಮಾ."

ವಿನೋದಾ ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. ತಾವು ಮಾಡಿದ ಒಂದು ತಪ್ಪಿನ ಕತೆಯನ್ನು ಅವರೇ ಎತ್ತಿಕೊಳ್ಳುತ್ತಾರೆ.

ಜನವರಿಯ ಹದಿನೇಳನೇ ಸುತ್ತು. ಮೊದಲ ಅರ್ಧ ಮುಗಿಯುವ ಹೊತ್ತಿಗೆ ಹದಿನಾಲ್ಕರ ಮೂಗಿಗೆ ಮೊಣಕೈ ಬಡಿದು ರಕ್ತ ಬಂತು. ರಕ್ತ ಹತ್ತಿದ ಅಂಗಿಯಲ್ಲಿ ಆಡುವಂತಿಲ್ಲ. ಎರಡನೇ ಅರ್ಧಕ್ಕೆ ಯಾರದೋ ಹೆಚ್ಚುವರಿ ಅಂಗಿ ತೊಟ್ಟು ಬಂದಳು, ಬೆನ್ನ ಮೇಲೆ ಇಪ್ಪತ್ತೇಳು. ಕಂಪನಿಗೆ ಬಂದ ವೀಡಿಯೊ ವಿರಾಮದ ನಂತರ ಎರಡು ನಿಮಿಷ ತಡವಾಗಿ ಶುರುವಾಗಿತ್ತು. ಆ ದಿನ ಬೆಂಚಿನ ಮೇಲೆ ಯಾರಿದ್ದರೆಂಬ ಪಟ್ಟಿಯನ್ನೇ ವಿನೋದಾ ಅವರಿಗೆ ಕಳಿಸಿರಲಿಲ್ಲ. ಇದ್ದದ್ದು ಇಡೀ ಸೀಸನ್ನಿನ ಹೆಸರುಗಳು. ಅದರಲ್ಲಿ ಇಪ್ಪತ್ತೇಳು ಎಂಬ ಇನ್ನೊಬ್ಬ ಹುಡುಗಿ ಇದ್ದಳು. ಮಳೆ ಬೇರೆ. ಹದಿನಾಲ್ಕು ಹೊರಗೆ, ಇಪ್ಪತ್ತೇಳು ಒಳಗೆ ಎಂದುಕೊಂಡರು. ಅನುಮಾನ ಬಂದು ತಮ್ಮ ಟೀಮ್ ಲೀಡ್ ಕೀರ್ತಿರಾಜ್ ಅವರಿಗೆ ಸಂದೇಶ ಹಾಕಿದರು. (ಹೆಸರು ಬದಲಿಸಿದ್ದೇನೆ. ಮಂಗಳೂರಿನವರು, ಒಳ್ಳೆಯವರು ಎಂದೇ ವಿನೋದಾ ಹೇಳುತ್ತಾರೆ.) "ಅಂಗಿ ಮೇಲೆ ಎಂತ ಉಂಟು ಅದನ್ನು ಹಾಕಿ ವಿನೋದಕ್ಕ, ಹನ್ನೊಂದು ಗಂಟೆಗೆ ಫೈಲ್ ಹೋಗ್ಬೇಕು" ಎಂದು ಉತ್ತರ ಬಂತು. ಹಾಕಿದರು.

ಆರು ವಾರದ ಮೇಲೆ ಅದೇ ತಂಡದ ಇನ್ನೊಂದು ಪಂದ್ಯ ಟ್ಯಾಗ್ ಮಾಡುವಾಗ ಹದಿನಾಲ್ಕು ಭುಜದ ಮೇಲಿಂದ ಎರಡು ಸಲ ನೋಡಿ ತುದಿಗಾಲಲ್ಲಿ ಎದ್ದಳು.

"ಆವಾಗ ವೀಡಿಯೊ ಅಲ್ಲೇ ನಿಲ್ಲಿಸಿದೆ ನೋಡ್ರಿ. ಇದನ್ನ ನಾ ಬ್ಯಾರೆ ನಂಬರಿನ ಮ್ಯಾಲ ನೋಡೇನಿ ಅನಿಸ್ತು. ಹಳೇ ಫೈಲ್ ತಗದೆ. ಮೂಗಿನಾಗ ಹತ್ತಿ ಇಟಗೊಂಡು ಆಡಾಕತ್ತಾಳ! ಆಕಿನ. ನಲವತ್ತೈದು ನಿಮಿಷ ಪೂರ್ತಿ ಆಕಿನ."

ಇಪ್ಪತ್ತೇಳನೇ ನಂಬರಿನ ಹುಡುಗಿ ಆ ದಿನ ಎಲ್ಲಿದ್ದಳು? ಕ್ಲಬ್ಬಿನ ಪುಟದಲ್ಲಿ ಫೋಟೊ ಸಿಕ್ಕಿತು. ಮೊಣಕಾಲಿನ ಆಪರೇಷನ್ ಆಗಿ, ಕಂಕುಳಲ್ಲಿ ಊರುಗೋಲು ಹಿಡಿದು ಗ್ಯಾಲರಿಯಲ್ಲಿ ಕೂತಿದ್ದಳು. ಕಂಪನಿಯ ಕಡತದಲ್ಲಿ ಅದೇ ಹುಡುಗಿ ನಲವತ್ತೈದು ನಿಮಿಷ ಓಡಿದ್ದಾಳೆ, ಮೂವತ್ತೊಂದು ಪಾಸ್ ಕೊಟ್ಟಿದ್ದಾಳೆ, ಒಂಬತ್ತು ಸಲ ಚೆಂಡು ಕಸಿದಿದ್ದಾಳೆ. ಊರುಗೋಲಿನ ಮೇಲೆ! ಇದನ್ನು ಮಾರಿದ್ದಾರೆ, ಕೊಂಡಿದ್ದಾರೆ. ಓದಿದವರಲ್ಲಿ ಒಬ್ಬರಿಗೂ ಸಂಶಯ ಬರಲಿಲ್ಲ.

ವಿನೋದಾ ಅಂದೇ ತಿದ್ದುಪಡಿ ಕಳಿಸಿದರು. 'ಪಂದ್ಯ ಮುಚ್ಚಲಾಗಿದೆ' ಎಂದು ಬಂತು. ಮತ್ತೆ ಬರೆದರು, ಫೋಟೊ ಸಮೇತ. ಮುಚ್ಚಲಾಗಿದೆ. ಮೇ ಕೊನೆಯೊಳಗೆ ಹನ್ನೊಂದು ಪತ್ರ. ಹನ್ನೊಂದಕ್ಕೂ ಅದೇ ಎರಡು ಪದ.

ನಲವತ್ತೈದು ನಿಮಿಷಕ್ಕೆ ಇಷ್ಟೇಕೆ ಎಂದು ನಾನೂ ಕೇಳಿದೆ. ಕೇಳಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ರೆಫರಿಯ ವರದಿಯಲ್ಲಿ ಎಲ್ಲ ಸರಿಯಾಗಿಯೇ ಇದೆ. ಆದರೆ ಹೊಸ ಆಟಗಾರ್ತಿಯನ್ನು ಹುಡುಕುವ ಕ್ಲಬ್ಬುಗಳು ರೆಫರಿಯ ವರದಿ ಓದುವುದಿಲ್ಲ, ಈ ಕಂಪನಿ ಮಾರುವ ಪಟ್ಟಿ ನೋಡುತ್ತವೆ. ಒಂಬೈನೂರು ನಿಮಿಷ ಆಡಿದವರ ಹೆಸರಷ್ಟೇ ಆ ಪಟ್ಟಿಗೆ ಏರುತ್ತದೆ. ಕಡತದ ಪ್ರಕಾರ ಹದಿನಾಲ್ಕು ಆಡಿದ್ದು ಎಂಟುನೂರ ಎಪ್ಪತ್ಮೂರು. ನಿಜಕ್ಕೂ ಆಡಿದ್ದು ಒಂಬೈನೂರ ಹದಿನೆಂಟು. ಇದ್ದಿದ್ದರೆ ಚೆಂಡು ಕಸಿಯುವವರ ಸಾಲಿನಲ್ಲಿ ಐದನೆಯವಳಾಗಿ ಇರುತ್ತಿದ್ದಳು. ಈಗ ಹೆಸರೇ ಇಲ್ಲ. ಜೂನ್ ಮೊದಲ ವಾರ ಅವಳ ಕ್ಲಬ್ ತಂಡದಿಂದ ಕೈಬಿಟ್ಟವರ ಪಟ್ಟಿ ಹಾಕಿತು. ನಾಲ್ಕು ಹೆಸರು. ಮೂರನೆಯದು ಅವಳದು.

ವಿನೋದಾ ಹನ್ನೆರಡನೇ ಪತ್ರ ಬರೆದರು. ಈ ಸಲ ಬೇರೆ ಉತ್ತರ ಬಂತು: ಮುಚ್ಚಿದ ಪಂದ್ಯ ತೆರೆಯಲು ಒಂದೇ ದಾರಿ, ಟ್ಯಾಗ್ ಮಾಡಿದವರು 'ತಪ್ಪು ಸಂಪೂರ್ಣ ನನ್ನದು' ಎಂದು ಸಹಿ ಹಾಕಿ ಕೊಡಬೇಕು. ಹಾಗೆ ಸಹಿ ಹಾಕಿದವರ ಗ್ರೇಡ್ ಇಳಿಯುತ್ತದೆ. ಗ್ರೇಡ್ ಇಳಿದವರಿಗೆ ಮುಂದಿನ ಸೀಸನ್ನಿನ ಪಂದ್ಯಗಳು ಸಿಗುವುದಿಲ್ಲ.

ನಾನು ಎರಡನೇ ಸಲ ಹೋದದ್ದು ಆ ವಾರ. ಕೀರ್ತಿರಾಜ್ ಕೂಡ ಬಂದಿದ್ದರು, ಕೈಯಲ್ಲಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡ ನಾಸಿ ಲೆಮಾಕ್, ತೆಂಗಿನ ಹಾಲಿನ ಅನ್ನ. ಯಾರೂ ಅದನ್ನು ಬಿಚ್ಚಲಿಲ್ಲ.

"ಸೈನ್ ಹಾಕ್ಬೇಡಿ ಮಾರ್ರೆ," ಎಂದರು. "ನಿಮ್ಮ ಹಾಗೆ ಮಾಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಆ ಹುಡುಗಿಗೆ ನೀವು ಯಾರಂತ್ಲೇ ಗೊತ್ತಿಲ್ಲ."

"ಗೊತ್ತಿರೂದು ಬ್ಯಾಡ."

"ತಪ್ಪು ನಿಮ್ದು ಮಾತ್ರವಾ? ಪಟ್ಟಿ ಕೊಡ್ಲಿಲ್ಲ ಅವ್ರು. ನಾನೇ ಅಲ್ವಾ ಇಪ್ಪತ್ತೇಳು ಹಾಕಿ ಅಂದದ್ದು?"

"ಹಂಗಾರ ನೀವೂ ಒಂದು ಸಹಿ ಹಾಕ್ರಿ."

ಕೀರ್ತಿರಾಜ್ ಊಟದ ಪೊಟ್ಟಣವನ್ನು ಮೇಜಿನ ಬದಿಗೆ ಸರಿಸಿದರು. ತಮಗೆ ಇಬ್ಬರು ಮಕ್ಕಳು ಎಂದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. ದೂರಬೇಕಾದವರು ಆ ಕೋಣೆಯಲ್ಲಿ ಇರಲಿಲ್ಲ. ಒಂದು ಕ್ಯಾಮೆರಾ ಸಾಕು ಎಂದವರು, ಒಬ್ಬರೇ ಕೂರಲಿ ಎಂದವರು, ಹೆಂಗಸರ ಆಟಕ್ಕೆ ಎರಡು ದಿನದ ನೆನಪು ಸಾಕು ಎಂದು ನಿಯಮ ಬರೆದವರು, ಅವರಲ್ಲಿ ಯಾರೂ ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿಲ್ಲ. ಬರಹದಲ್ಲಿ ಸಿಟ್ಟು ಕಾಣಬಾರದೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಈ ಪ್ಯಾರಾವನ್ನು ನಾಲ್ಕು ಸಲ ತಿದ್ದಿದ್ದೇನೆ. ಹೋಗುತ್ತಿಲ್ಲ.

ಕಂಪನಿಗೆ ನಾನೂ ಮೂರು ಪ್ರಶ್ನೆ ಬರೆದು ಕಳಿಸಿದೆ. 'ನಮ್ಮ ಗುಣಮಟ್ಟ ನೀತಿ ಎಲ್ಲ ಸ್ಪರ್ಧೆಗಳಿಗೂ ಸೂಕ್ತವಾಗಿದೆ' ಎಂದು ಒಂದು ಸಾಲು ಬಂತು.

ವಿನೋದಾ ಪೆನ್ನು ಹುಡುಕಿ ಸಹಿ ಹಾಕಿದರು. ಸಂಬಳದ ಮಾತು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಆದರೆ ಈ ಕೆಲಸ ಅವರಿಗೆ ಎಷ್ಟು ಇಷ್ಟವೆಂದು ನಾನು ನೋಡಿದ್ದೇನೆ. ಬಿಡುವಿನ ದಿನ ಕೂಡ ಹಳೆಯ ಪಂದ್ಯ ಹಾಕಿಕೊಂಡು ಕೂರುತ್ತಾರೆ. "ನಾ ಮೂರು ವರ್ಷ ಜಿಲ್ಲಾಕ್ಕ ಆಡೇನ್ರಿ. ಎಷ್ಟ ಮಂದಿನ್ನ ಔಟ್ ಮಾಡಿದೆ, ಎಷ್ಟ ನಿಮಿಷ ಓಡಿದೆ, ಎಲ್ಲೂ ಬರದಿಲ್ಲ. ಬರಿಯೋರು ಇದ್ದಿಲ್ಲ. ಇಕಿಗೆ ಬರಿಯಾಕ ನಾ ಇದ್ದೆ. ಇದ್ದೂ ಇನ್ನೊಬ್ಬಾಕಿ ಹೆಸರಿಗೆ ಬರದೆ."

ನಿಮ್ಮ ನಿಜವಾದ ಹೆಸರು ಹಾಕಲೇ ಎಂದು ಕೇಳಿದೆ. ಬದಲಿಸುವುದು ಸುಲಭ ಎಂದೂ ಹೇಳಿದೆ.

"ಹಾಕ್ರಿ," ಎಂದರು. "ಲಕ್ಷಗಟ್ಟಲೆ ಸರಿ ಬರದಿದ್ದಕ್ಕ ಯಾರೂ ಹೆಸರ ಹಾಕಿಲ್ಲ. ತಪ್ಪಿಗರ ಇರಲಿ. ಆದ್ರ ಒಂಬೈನೂರ ಹದಿನೆಂಟು ಅನ್ನೂದನ್ನ ಸರಿಯಾಗಿ ಬರೀರಿ, ಮತ್ತ ನೀವೊಂದು ತಪ್ಪು ಮಾಡಬ್ಯಾಡ್ರಿ."

ಒಂಬೈನೂರ ಹದಿನೆಂಟು. ಇನ್ನೊಮ್ಮೆ ನೋಡಿದ್ದೇನೆ, ಸರಿಯಿದೆ.

ಇದನ್ನು ಕಳಿಸುತ್ತಿರುವುದು ಆಗಸ್ಟ್ ಕೊನೆಯಲ್ಲಿ. ಸ್ಪೇನಿನಲ್ಲಿ ಹೊಸ ಸೀಸನ್ನಿಗೆ ಇನ್ನು ಕೆಲವೇ ದಿನ. ವಿನೋದಾ ಅವರಿಗೆ ಈ ಸಲ ಒಂದು ಪಂದ್ಯವನ್ನೂ ಕೊಟ್ಟಿಲ್ಲ. ಹದಿನೇಳನೇ ಸುತ್ತಿನ ಆ ಕಡತವನ್ನು ತಿದ್ದಿದರೋ ಇಲ್ಲವೋ, ಅವರಿಗೂ ಹೇಳಿಲ್ಲ, ನನಗೂ ಹೇಳಿಲ್ಲ. ಕ್ಲಬ್ ಅವಳನ್ನು ಬಿಟ್ಟಿದ್ದು ಆ ನಲವತ್ತೈದು ನಿಮಿಷಕ್ಕೋ ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ. ತಿಳಿಯುವ ದಾರಿಯೂ ಸಿಗಲಿಲ್ಲ. ಹದಿನಾರು ತಂಡಗಳ ಹೊಸ ಪಟ್ಟಿಗಳನ್ನು ಒಂದೊಂದಾಗಿ ನೋಡಿದೆ. ಆ ಹೆಸರು ಕಾಣಲಿಲ್ಲ. ಅವಳು ಬೇರೆ ದೇಶದಲ್ಲಿ ಆಡುತ್ತಿದ್ದಾಳೋ, ಆಟವನ್ನೇ ಬಿಟ್ಟಳೋ, ನಾನು ಹೇಳಲಾರೆ.