ಎಡಗಡೆಯ ಎಸಳು

ದೇವರನ್ನು ಯಾಕೆ ನಂಬುವುದಿಲ್ಲ ಎಂದು ಕೇಳಿದವರಿಗೆ ನಾನು ಇಲ್ಲಿಯವರೆಗೆ ಹೇಳಿದ್ದೆಲ್ಲ ನೆಪ. ಧಾರವಾಡದಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನ ಗೆಳತಿಯರ ಮುಂದೆ ದೊಡ್ಡ ದೊಡ್ಡ ಮಾತು ಆಡುತ್ತಿದ್ದೆ. ದೇವರಿದ್ದರೆ ಹಾಲು ಕುಡಿಯುವ ಕೂಸು ಯಾಕೆ ಸಾಯುತ್ತದೆ, ಕಂಡವರ ಹೊಲ ನುಂಗಿದವನ ಮನೆಯಲ್ಲಿ ಯಾಕೆ ಹಬ್ಬವಿಲ್ಲದೆಯೂ ಹೋಳಿಗೆ ಬೇಯುತ್ತದೆ ಎಂದು ವಾದ ಹಾಕಿ ಗೆಲ್ಲುತ್ತಿದ್ದೆ. ಮಾತೇನೋ ಖರೆಯೇ, ಆದರೆ ಅವು ನನ್ನ ಕಾರಣಗಳಲ್ಲ, ಅಲ್ಲಿ ಇಲ್ಲಿ ಕೇಳಿ ಕಲಿತವು. ನನ್ನ ಕಾರಣ ಒಂದೇ ಒಂದು. ಅದನ್ನು ಹನ್ನೆರಡು ವರ್ಷ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

ನಮ್ಮೂರು ನವಲಗುಂದ ತಾಲೂಕಿನಲ್ಲಿ, ತಿರ್ಲಾಪುರ ದಾಟಿ ಇನ್ನೂ ಒಳಗೆ. ಊರ ನಡುವೆ ಬಸವಣ್ಣನ ಗುಡಿ, ಗುಡಿಯ ಬಾಜು ನಮ್ಮ ಮನೆ. ಬೋರು ಹೊಡೆಸುವುದಿರಲಿ, ಹೆಣ್ಣು ಕೊಡುವುದಿರಲಿ, ನಮ್ಮೂರಿನವರು ಮೊದಲು ಬಸವಣ್ಣನಿಗೆ ಹೂ ಹಚ್ಚಿ ಕೇಳುತ್ತಾರೆ. ಕಣಗಲ ಹೂವಿನ ಎರಡು ಎಸಳನ್ನು ನೀರಿನಲ್ಲಿ ಅದ್ದಿ ಕಲ್ಲಿನ ಬಸವಣ್ಣನ ಎಡ ಭುಜಕ್ಕೊಂದು, ಬಲ ಭುಜಕ್ಕೊಂದು ಅಂಟಿಸಬೇಕು. ಕೇಳುವುದನ್ನು ಕೇಳಿ ಎಲ್ಲರೂ ಸುಮ್ಮನೆ ಕೂರಬೇಕು. ಯಾವ ಕಡೆಯ ಎಸಳು ಮೊದಲು ಬೀಳುತ್ತದೋ ಅದೇ ದೇವರ ಮಾತು. ಎಸಳು ಅಂಟಿಸುವ ಕೈ ಇನ್ನೂ ದೊಡ್ಡವಳಾಗದ ಹುಡುಗಿಯದೇ ಆಗಿರಬೇಕು, ಅಂಥ ಹುಡುಗಿಗೆ ಆಸೆ, ಕಪಟ ಗೊತ್ತಿರುವುದಿಲ್ಲವಂತೆ. ಆ ನೇಮ ಮಾಡಿದ ಪುಣ್ಯಾತ್ಮರು ಹುಡುಗಿಯರನ್ನು ಕಣ್ಣಿಂದ ಕಂಡಿರಲಿಕ್ಕಿಲ್ಲ.

ಮನೆ ಹತ್ತಿರವೆಂದು ಎರಡು ವರ್ಷ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಾಡುತ್ತಾ ಮಾಡುತ್ತಾ ಒಂದು ಸಂಗತಿ ನನಗೆ ತಿಳಿದುಬಿಟ್ಟಿತು. ನೀರು ಹೆಚ್ಚಿದ್ದ ಎಸಳು ತಡವಾಗಿ ಬೀಳುತ್ತದೆ, ನೀರು ಕಡಿಮೆಯಿದ್ದದ್ದು ಬೇಗ ಒಣಗಿ ಬೀಳುತ್ತದೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ, ಹೇಳುವಂಥ ವಿಷಯವೆಂದೂ ಅನ್ನಿಸಲಿಲ್ಲ.

ಏಳನೆಯ ತರಗತಿಯಲ್ಲಿದ್ದಾಗಿನ ಮಾತು. ಊರಲ್ಲಿ ಹತ್ತಿ ಬಿಡಿಸುವ ಸುಗ್ಗಿ. ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ತಯಾರಿ ನಡೆದಿತ್ತು. ನನಗೆ ಒಂದು ಪುಟ್ಟ ನಾಟಕದಲ್ಲಿ ಮುದುಕಿಯ ಪಾತ್ರ. ಕಂಡಕ್ಟರನ ಜೊತೆ ಜಗಳ ಕಾಯುವ ಮುದುಕಿ. ದಿನಾ ಸಂಜೆ ಹೊಲದಿಂದ ಬಂದು ಕೈಕಾಲು ತೊಳೆದ ಕೂಡಲೇ ಅಪ್ಪ ಹೆಗಲಿಗೆ ನನ್ನ ಪಾಟಿಚೀಲ ಹಾಕಿಕೊಂಡು ಕಂಡಕ್ಟರ್ ಆಗುತ್ತಿದ್ದ.

“ಟಿಕೀಟು ತಗೀಬೇ ಮುದುಕಿ” ಎನ್ನುತ್ತಿದ್ದ.

“ಯಾರಲೇ ಮುದುಕಿ? ನಿಮ್ಮವ್ವ ಮುದುಕಿ” ಎಂದು ನಾನು ಕೋಲು ಎತ್ತುತ್ತಿದ್ದೆ.

ಇಷ್ಟಕ್ಕೇ ಅಪ್ಪ ಹೊಟ್ಟೆ ಹಿಡಿದುಕೊಂಡು ಬಗ್ಗಿ ನಗುತ್ತಿದ್ದ. ದಿನಾ ಅದೇ ಮಾತು, ದಿನಾ ಅದೇ ನಗು. “ಗ್ಯಾದರಿಂಗಿಗೆ ಮುಂದಿನ ಸಾಲಿನ್ಯಾಗ ಕುಂಡ್ರತೀನಿ ನೋಡವ್ವಾ” ಎಂದು ಮಾತು ಕೊಟ್ಟಿದ್ದ. ಅವನು ನಗದಿದ್ದರೆ ಆ ನಾಟಕ ನನಗೆ ಬೇಕಾಗಿಯೇ ಇರಲಿಲ್ಲ.

ಗ್ಯಾದರಿಂಗ್ ಬುಧವಾರ. ಅದರ ಹಿಂದಿನ ಆದಿತ್ಯವಾರ ಅಪ್ಪ ಹೊಲದಿಂದ ಅರ್ಧ ದಿನಕ್ಕೇ ಬಲ ಹೊಟ್ಟೆ ಒತ್ತಿಕೊಂಡು ಬಂದ. ರಾತ್ರಿಯೆಲ್ಲ ವಾಂತಿ. ಸೋಮವಾರ ಬೆಳಿಗ್ಗೆ ದೊಡ್ಡಪ್ಪ ಡಾಕ್ಟರರ ಹತ್ತಿರ ಕರೆದೊಯ್ದ. ಅವರು ಒಂದು ಇಂಜೆಕ್ಷನ್ ಕೊಟ್ಟು, ಕರುಳಿಗೆ ಬಾವು ಬಂದ ಹಾಗಿದೆ, ಆಪರೇಷನ್ ಬೇಕಾಗಬಹುದು, ಹುಬ್ಬಳ್ಳಿಗೆ ಇವತ್ತೇ ಒಯ್ಯಿರಿ ಎಂದರಂತೆ. ಬಾಜುಮನೆಯ ಚಾಚಾ ತನ್ನ ಟೆಂಪೋ ತಂದು ಬಾಗಿಲಿಗೇ ನಿಲ್ಲಿಸಿದ. ಅಷ್ಟರಲ್ಲಿ ಇಂಜೆಕ್ಷನ್ನಿಗೆ ನೋವು ಸ್ವಲ್ಪ ಇಳಿದಿತ್ತು. ದೊಡ್ಡಪ್ಪ ಹಿಂದೇಟು ಹಾಕಿದ.

“ಹೊಟ್ಟಿ ಕೊಯ್ಯೂದಂದ್ರ ಹುಡುಗಾಟಲ್ಲ. ಒಂದ ಮಾತು ಬಸವಣ್ಣನ್ನ ಕೇಳಿ ಹೋಗೂಣು.”

“ಆಮ್ಯಾಲ ಕೇಳ್ರೆಪಾ, ಮೊದಲ ಗಾಡಿ ಹತ್ರಿ” ಎಂದ ಚಾಚಾ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪನೂ ಕೇಳೋಣ ಎಂದೇ ಅಂದ.

ಅಪ್ಪನನ್ನು ಹುಬ್ಬಳ್ಳಿಗೆ ಒಯ್ದರೆ ಅವ್ವನೂ ಹೋಗುತ್ತಾಳೆ, ನನ್ನನ್ನು ಕುಬಿಹಾಳದ ಅತ್ತೆಯ ಮನೆಗೆ ಕಳಿಸುತ್ತಾರೆ. ಮುದುಕಿಯ ಪಾತ್ರ ಇನ್ನೊಬ್ಬಳಿಗೆ ಹೋಗುತ್ತದೆ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಬುಧವಾರ ಮುಗಿಯಲಿ, ಬೇಸ್ತವಾರ ಬೇಕಾದರೆ ಹೋಗಲಿ ಎಂದುಕೊಂಡೆ. ಎರಡೇ ದಿನ. ನೋವು ಹೇಗೂ ಕಡಿಮೆಯಾಗಿದೆಯಲ್ಲ.

ಗುಡಿಯ ಅಯ್ಯನವರು ಎಸಳು ಕೊಟ್ಟರು. “ಇಲ್ಲೇ ಗುಣಾ ಮಾಡ್ತಿದ್ರ ಬಲಕ್ಕ ಕೊಡಪಾ ತಂದಿ, ಹುಬ್ಬಳ್ಳಿಗೆ ಹೋಗಂದ್ರ ಎಡಕ್ಕ ಕೊಡು” ಎಂದು ಕೇಳಿದ ದೊಡ್ಡಪ್ಪ ಕಣ್ಣು ಮುಚ್ಚಿದ. ನಾನು ಎಡದ ಎಸಳನ್ನು ತಂಬಿಗೆಯ ನೀರಲ್ಲಿ ಚೆನ್ನಾಗಿ ಮುಳುಗಿಸಿ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದೆ. ಬಲದ್ದನ್ನು ಅದ್ದಿ, ಲಂಗಕ್ಕೆ ಒರೆಸಿ, ಸುಮ್ಮನೆ ತಾಗಿಸಿ ಬಿಟ್ಟೆ.

ಬಹಳ ಹೊತ್ತು ಹಿಡಿಯಲಿಲ್ಲ. ಬಲಗಡೆಯದು ಬಿತ್ತು. ದೊಡ್ಡಪ್ಪ ಅಡ್ಡಬಿದ್ದ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ನನ್ನ ತಲೆ ಸವರಿ, “ನನ್ನವ್ವನ ಕೈಗುಣ ಚಲೋ ಐತಿ” ಎಂದ. ಹೊರಗೆ ಚಾಚಾ ಟೆಂಪೋ ತಿರುಗಿಸಿಕೊಂಡು ಹೋದ.

ಬುಧವಾರ ಸಂಜೆ ಅಪ್ಪ ಬಂದ. ಮಾತು ಕೊಟ್ಟಿದ್ದನಲ್ಲ, ಬರಬೇಡ ಎಂದು ಅವ್ವ ಅಂದರೂ ಕಂಬಳಿ ಹೊದ್ದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತ. ನಾನು ನಿಮ್ಮವ್ವ ಮುದುಕಿ ಎಂದು ಕೋಲು ಎತ್ತಿದಾಗ ಜನವೆಲ್ಲ ನಕ್ಕರು. ಅಪ್ಪ ಹೊಟ್ಟೆ ಹಿಡಿದುಕೊಂಡು ಬಗ್ಗಿದ, ತಲೆ ಮೊಣಕಾಲಿಗೆ ತಾಗುವಷ್ಟು. ಸ್ಟೇಜಿನ ಮೇಲಿಂದ ಅದನ್ನು ನೋಡಿ ನನಗೆ ಆದ ಸಂತೋಷ ಎಂಥದ್ದು ಅಂತೀರಿ. ಇನ್ನೂ ನಗಲಿ ಎಂದು ಆ ಮಾತನ್ನು ಮತ್ತೊಮ್ಮೆ ಅಂದೆ. ಅವನು ಮೇಲೆ ಏಳಲೇ ಇಲ್ಲ. ನಾಟಕ ಮುಗಿದು ಹತ್ತಿರ ಹೋದಾಗ ಕಂಡೆ, ಅವನು ನಗುತ್ತಿರಲಿಲ್ಲ.

ಚಾಚಾ ಆಗಲೇ ಟೆಂಪೋ ತಂದ. ಹುಬ್ಬಳ್ಳಿಯಲ್ಲಿ ಹೊಟ್ಟೆ ತೆರೆದು ನೋಡಿದರಂತೆ, ಕರುಳು ಒಡೆದು ಕೀವು ಒಳಗೆಲ್ಲ ಹರಡಿತ್ತಂತೆ. ಸೋಮವಾರವೇ ತಂದಿದ್ದರೆ ಉಳಿಯುತ್ತಿದ್ದ ಎಂದರಂತೆ. ಶುಕ್ರವಾರ ಅಪ್ಪ ಹೋಗಿಬಿಟ್ಟ.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸುತ್ತಾರೆ. ಅಪ್ಪನಿಗೆ ಮೈ ತೊಳೆದು, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರು ಹಾಕಿದ ಹೂವಿನ ಎಸಳೊಂದು ಅವನ ಒದ್ದೆ ಭುಜಕ್ಕೆ ಅಂಟಿಕೊಂಡಿತ್ತು. ಎಡ ಭುಜ. ಅದು ಬಿದ್ದರೆ ಅಪ್ಪ ಕಣ್ಣು ತೆರೆಯುತ್ತಾನೆ ಎಂದುಕೊಂಡು ನಾನು ಅದನ್ನೇ ನೋಡುತ್ತ ಕೂತೆ. ಮಣ್ಣಿಗೆ ಎತ್ತುವವರೆಗೂ ಅದು ಬೀಳಲಿಲ್ಲ.

ಅವತ್ತೇ ನನಗೆ ದೇವರು ಮುಗಿದ. ಸಿಟ್ಟಿನಿಂದಲ್ಲ. ಆ ಗುಡಿಯಲ್ಲಿ ಯಾರೂ ಇಲ್ಲ ಎಂಬುದು ನನ್ನ ಕೈಗೆ ಗೊತ್ತಿತ್ತು, ಅದಕ್ಕೆ. ಇದ್ದಿದ್ದರೆ ಎಡಗಡೆಯ ಎಸಳನ್ನು ಬೀಳಿಸುವುದು ಅವನಿಗೆ ಎಷ್ಟರ ಕೆಲಸ? ಒಂದು ನೊಣ ಕೂತು ಎದ್ದರೂ ಸಾಕಿತ್ತು. ಅವನ ಹೆಸರಿನಲ್ಲಿ ಹನ್ನೆರಡು ವರ್ಷದ ಹುಡುಗಿ ಸುಳ್ಳು ಹೇಳಿದಳು, ಅವನು ತುಟಿ ಪಿಟ್ಟೆನ್ನಲಿಲ್ಲ. ಮುಂದೆ ಬುದ್ಧಿ ಬಂದಮೇಲೆ ಇನ್ನೊಂದು ಕಾರಣ ಕೂಡಿಕೊಂಡಿತು. ದೇವರಿದ್ದಾನೆ ಎಂದು ಒಪ್ಪಿದರೆ ತಪ್ಪಿನಲ್ಲಿ ಅರ್ಧ ಅವನಿಗೆ ಹೋಗುತ್ತದೆ. ನನಗೆ ಆ ರಿಯಾಯಿತಿ ಬೇಡವಾಗಿತ್ತು.

ಅವ್ವ ಮಾತ್ರ ಒಂದು ಸೋಮವಾರವೂ ಗುಡಿಗೆ ಹೋಗುವುದನ್ನು ತಪ್ಪಿಸಲಿಲ್ಲ. ಮಾತಾಡಿಸಲು ಬಂದವರಿಗೆಲ್ಲ ಒಂದೇ ಮಾತು: “ಬಸವಣ್ಣ ಬಲಕ್ಕ ಕೊಟ್ಟಿದ್ದರಿ. ಅವನ ಇಚ್ಛಾನ ಹಂಗಿತ್ತು. ಯಾರೇನ ಮಾಡಾಕ ಬರ್ತದ?” ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಗಂಡನನ್ನು ಉಳಿಸದ ಕಲ್ಲಿಗೆ ಹೂ ಏರಿಸುವುದಕ್ಕೆ ಇವಳಿಗೆ ಮನಸ್ಸಾದರೂ ಹೇಗೆ ಬರುತ್ತದೆ ಎಂದು ಕುದಿಯುತ್ತಿದ್ದೆ. ವಿಭೂತಿ ಹಚ್ಚಿಕೋ ಎಂದರೆ ಜಗಳ, ಗುಡಿಗೆ ಬಾ ಎಂದರೆ ಜಗಳ.

ಹೋದ ಶ್ರಾವಣದ ಒಂದು ಸೋಮವಾರ. ಅವ್ವ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಹೂವಿನ ಬುಟ್ಟಿ. “ಇವತ್ತರ ಬಾರಬೇ ಗುಡಿಗೆ” ಎಂದಳು. ನನಗೆ ಎಲ್ಲಿಂದ ಸಿಟ್ಟು ಬಂತೋ ಗೊತ್ತಿಲ್ಲ, ಎಲ್ಲವನ್ನೂ ಕಾರಿಬಿಟ್ಟೆ. ಗುಡಿಯಲ್ಲಿ ದೇವರೂ ಇಲ್ಲ ದಿಂಡರೂ ಇಲ್ಲ, ಅವತ್ತು ಬಲಕ್ಕೆ ಕೊಟ್ಟದ್ದು ನಾನು, ಅಪ್ಪನನ್ನು ಕೊಂದದ್ದು ನಾನು ಎಂದೆ. ಹೇಳುತ್ತ ಹೇಳುತ್ತ ಅಳು ಬಂತು.

ಅವ್ವನ ಕೈ ನಿಲ್ಲಲಿಲ್ಲ. ರೊಟ್ಟಿ ಎತ್ತಿ ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ಅಂದಳು.

“ಗೊತ್ತೈತಿ.”

“ಏನು ಗೊತ್ತೈತಿ?” ಎಂದು ಕಣ್ಣು ಒರೆಸಿಕೊಂಡೆ.

“ನಿನ್ನ ಹಿಂದನ ನಿಂತಿದ್ನೆಲ್ಲ. ನೀ ಎಸಳು ಲಂಗಕ್ಕ ಒರಿಸಿದ್ದು ನೋಡೀನಿ.”

“ನೋಡಿ ಯಾಕ ಸುಮ್ಮನಿದ್ದಿ?”

“ನಮ್ಮಪ್ಪನ್ನ ಹಿಂಗ ಕೊಯ್ಸಾಕ ಒಯ್ದಿದ್ರು. ನಡಕೋತ ಹೋದಾಂವ ಹೆಣಾ ಆಗಿ ಬಂದ. ನನಗ ಅಂಜಿಕಿ ಆಗಿತ್ತು. ಬಲಕ್ಕ ಬೀಳ್ಲಿ ಅಂತ ನಾನೂ ಬೇಡಕೊಳ್ಳಾಕತ್ತಿದ್ನಿ. ನೀ ಒರಿಸಿದಿ, ನಾ ಸುಮ್ಮನಾದ್ನಿ.”

“ಮತ್ತ ಇಷ್ಟು ವರ್ಷ ದೇವರ ಇಚ್ಛಾ, ದೇವರ ಇಚ್ಛಾ ಅಂತ ಊರಿಗೆಲ್ಲ ಹೇಳಕೋತ ಬಂದೀ?”

ಅವ್ವ ಹಂಚಿನ ರೊಟ್ಟಿ ತಿರುವಿ ಹಾಕಿದಳು. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

“ದೇವ್ರಿಲ್ಲಂದ್ರ ಇದನ್ನ ಯಾರ ಮ್ಯಾಲ ಹಾಕ್ಲಿ? ನಿನ್ನ ಮ್ಯಾಲ ಹಾಕ್ಲೇನು?”

ಬೆಂದ ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ, ಆರುವ ಮೊದಲು ತಿನ್ನು ಎಂದಳು. ಕೈ ತೊಳೆದು, ಬುಟ್ಟಿ ಎತ್ತಿಕೊಂಡು ಗುಡಿಗೆ ಹೊರಟಳು. ನಾನು ದೇವರನ್ನು ಅವತ್ತೂ ನಂಬಿರಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೆ ಅವ್ವನ ಮುಂದೆ ದೇವರಿಲ್ಲ ಎಂಬ ಮಾತನ್ನು ಆಮೇಲೆ ಒಮ್ಮೆಯೂ ಆಡಿಲ್ಲ.