ಕಣ್ಣಿಗೊತ್ತಿಕೊಳ್ಳದ ಆರತಿ

ಸೋಪು ಹಾಕಿ ಎರಡು ಸಲ ತೊಳೆದರೂ ಬೆರಳಿನಿಂದ ಕರ್ಪೂರದ ವಾಸನೆ ಹೋಗಿರಲಿಲ್ಲ. ಲೆನ್ಸ್ ತೆಗೆಯಲು ಕಣ್ಣಿನವರೆಗೆ ತಂದ ಕೈಯನ್ನು ಹಾಗೇ ಇಳಿಸಿದೆ. ದೊಡ್ಡಬಳ್ಳಾಪುರದ ನಮ್ಮ ಎದುರು ಮನೆಯ ಅಕ್ಕ ನೆನಪಾದಳು…

ಅವಳು ಆ ಮನೆಯ ಸೊಸೆ. ಮಗ್ಗದ ಸೀರೆಗಳಿಗೆ ಕಂಪ್ಯೂಟರಿನಲ್ಲಿ ಅಂಚಿನ ಚಿತ್ತಾರ ಬಿಡಿಸುತ್ತಿದ್ದಳು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ ಉಬ್ಬಿದ್ದರಿಂದ ಕನ್ನಡಕ ಹಾಕಿದರೂ ಗೆರೆಗಳು ಎರಡೆರಡಾಗಿ ಕಾಣುತ್ತಿದ್ದವಂತೆ. ಲೆನ್ಸ್ ಇಲ್ಲದೆ ಕೆಲಸವೇ ಸಾಗುತ್ತಿರಲಿಲ್ಲ.

ಕಾಲೇಜಿನಿಂದ ಬಂದ ಸಂಜೆಗಳಲ್ಲಿ ನಾನು ಅವಳ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೈ ತೊಳೆದು, ಎಳೆ ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಲು ಕಾಯುತ್ತಿದ್ದಳು. ಲೆನ್ಸನ್ನು ಕಣ್ಣಿನಿಂದ ತೆಗೆದು ಅಂಗೈಯಲ್ಲಿಟ್ಟು, ಬಾಟಲಿಯ ದ್ರಾವಣ ಬಿಟ್ಟು, ಬೆರಳ ತುದಿಯಿಂದ ಮೆಲ್ಲಗೆ ಉಜ್ಜುವಳು. ಲೆನ್ಸಿನ ಡಬ್ಬಿಯಲ್ಲಿ ನಿನ್ನೆಯ ದ್ರಾವಣ ಒಂದು ಹನಿಯೂ ಉಳಿಯದಂತೆ ಚೆಲ್ಲಿ ಹೊಸದು ತುಂಬುವಳು. "ಹಳೇದ್ರ ಮೇಲೇ ಹೊಸದು ಸುರಿದ್ರೆ ಹಾಲಿಗೆ ಹೆಪ್ಪು ಹಾಕ್ದಂಗೆ ಕಣೇ," ಎಂದಿದ್ದಳು.

ಅವಳ ಅತ್ತೆ ಕೈಕಾಲು ತೊಳೆಯದ ಯಾರನ್ನೂ ದೇವರ ಮನೆಯ ಹೊಸ್ತಿಲು ದಾಟಿಸುತ್ತಿರಲಿಲ್ಲ. ಒಂದು ಶುಕ್ರವಾರದ ಪೂಜೆಗೆ ನಾನೂ ಹೋಗಿದ್ದೆ. ಎಲ್ಲರೂ ತೀರ್ಥ ಕುಡಿದು ಒದ್ದೆ ಕೈಯನ್ನು ಕಣ್ಣಿಗೂ ತಲೆಗೂ ಸವರಿಕೊಂಡೆವು. ಅಕ್ಕ ತಲೆಗಷ್ಟೇ ಸವರಿಕೊಂಡಳು.

"ಕಣ್ಣಿಗೆ ಒತ್ಕೊಂಡ್ರೆ ಕಣ್ಣೇನು ಸವೆದೋಯ್ತದಾ?" ಎಂದರು ಅತ್ತೆ.

"ಲೆನ್ಸ್ ಇದೆ ಅತ್ತೆ, ನೀರು ತಾಗಬಾರ್ದು."

"ನೀರಲ್ಲ ಕಣಮ್ಮ, ತೀರ್ಥ!"

"ನಿಮ್ಗೆ ತೀರ್ಥ. ನನ್ನ ಕಣ್ಣಿಗೆ ಅದು ಬೋರ್‌ವೆಲ್ ನೀರೇ."

ಅತ್ತೆ ತಾವೇ ಸವರಲು ಕೈ ಚಾಚಿದರು. ಅಕ್ಕ ಗೋಡೆಗೆ ಸರಿದು, ಮದುವೆಯಾದಂದಿನಿಂದ ಮುಚ್ಚಿಟ್ಟಿದ್ದನ್ನು ಹೇಳಿಬಿಟ್ಟಳು. ಮದುವೆಗೆ ಮುಂಚೆ ಒಮ್ಮೆ ಲೆನ್ಸನ್ನು ನಲ್ಲಿ ನೀರಿನಲ್ಲಿ ತೊಳೆದು ಹಾಕಿಕೊಂಡದ್ದರಿಂದ ಬಲಗಣ್ಣಿನಲ್ಲಿ ಹುಣ್ಣಾಗಿತ್ತು. ಇನ್ನೊಮ್ಮೆ ಹಾಗಾದರೆ ಆ ಕಣ್ಣು ಉಳಿಯುವುದು ಕಷ್ಟವೆಂದು ಡಾಕ್ಟರು ಹೇಳಿದ್ದರು.

ಕಣ್ಣಿನ ದೋಷ ಮುಚ್ಚಿಟ್ಟು ಮದುವೆಯಾದೆ ಎಂದು ಬೈಯುತ್ತಾರೆಂದುಕೊಂಡೆ. ಅತ್ತೆ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು. ಆಮೇಲೆ, "ಎಲ್ಲಿ, ತೋರ್ಸು ಅದನ್ನ," ಎಂದರು.

ಅಕ್ಕ ಕೈ ತೊಳೆದು ಒರೆಸಿಕೊಂಡು, ಲೆನ್ಸ್ ತೆಗೆದು ಅಂಗೈಯಲ್ಲಿಟ್ಟಳು.

"ಅಯ್ಯೋ ಶಿವನೇ, ಹಿತಕಿದ ಅವರೆಕಾಳಿನ ಸಿಪ್ಪೆ ಇದ್ದಂಗೈತಲ್ಲೇ!" ಅತ್ತೆಯ ಬೆರಳು ಮುಂದೆ ಬಂತು.

"ಕೈ ತೊಳ್ಕೊಂಡ್ ಬನ್ನಿ ಅತ್ತೆ."

ಅತ್ತೆ ಅವಳನ್ನೇ ದಿಟ್ಟಿಸಿ, "ನಂಗೇ ಮಡಿ ಹೇಳ್ಕೊಡ್ತಾಳೆ ನೋಡು ಇವ್ಳು," ಎಂದು ಗೊಣಗುತ್ತಲೇ ಬಚ್ಚಲಿಗೆ ಹೋದರು. ಕೈಯಿಂದ ನೀರು ತೊಟ್ಟಿಕ್ಕಿಸುತ್ತಾ ಹಿಂದಿರುಗಿದರು.

"ಒರೆಸ್ಕೊಳ್ಳಿ. ಅದೂ ನೀರೇ."

ಮುಂದಿನ ಶುಕ್ರವಾರದ ಪೂಜೆಯಲ್ಲಿ ಅತ್ತೆ ಆರತಿ ತಟ್ಟೆಯನ್ನು ಅಕ್ಕನ ಮುಂದೆ ಹಿಡಿಯದೆ ಕೆಳಗಿಟ್ಟರು. ತಮ್ಮ ಎರಡೂ ಅಂಗೈಗಳನ್ನು ಉರಿಯ ಮೇಲೆ ಹಿಡಿದು, ಬಿಸಿ ಆರುವ ಮೊದಲೇ ಅವಳ ನೆತ್ತಿಯ ಮೇಲಿಟ್ಟರು. "ನಿನ್ನ ಕಣ್ಣಿಂದೂ ಇಲ್ಲೇ ತಗೋ," ಎಂದರು. ಅಕ್ಕ ಕಣ್ಣು ಮುಚ್ಚಿದ್ದಳು… ಎಷ್ಟು ಹೊತ್ತೋ, ತೆರೆಯಲೇ ಇಲ್ಲ.

ಆಮೇಲೆ ಅವರು ಮನೆ ಮಾರಿ ಹೋದರು. ಅತ್ತೆ ತೀರಿಕೊಂಡ ಸುದ್ದಿ ಹೇಗೋ ನಮ್ಮ ಬೀದಿಗೆ ಬಂತು. ಅಕ್ಕನ ಸುದ್ದಿ ಬರಲಿಲ್ಲ. ಆ ಬಲಗಣ್ಣು ಹೇಗಿದೆಯೆಂದು ಯಾರನ್ನು ಕೇಳಬೇಕೋ ನನಗೆ ತಿಳಿಯದು.

ಇವತ್ತು ಗುಡಿಯಲ್ಲಿ ಆರತಿ ತೆಗೆದುಕೊಂಡ ನನ್ನ ಕೈಯೂ ಕಣ್ಣನ್ನು ತಪ್ಪಿಸಿ ನೆತ್ತಿಗೆ ಹೋಯಿತು. ನನ್ನದೇ ಕೈ, ಅಲ್ಲಿಗೆ ತಲುಪುವಷ್ಟರಲ್ಲಿ ಬಿಸಿ ಆರಿತ್ತು.

ಮತ್ತೊಮ್ಮೆ ಸೋಪು ಹಚ್ಚಿದೆ.