ಚೀಟಿ ಅಕ್ಕ ಬಿಚ್ಚಿದ ಹೊಲಿಗೆ

ನನ್ನ ಗಡಿಯಾರ ರಿಪೇರಿ ಅಂಗಡಿಗೂ ಪಕ್ಕದ ಹೊಲಿಗೆ ಅಂಗಡಿಗೂ ನಡುವೆ ಒಂದೇ ಹಲಗೆ ಗೋಡೆ. ಅಲ್ಲಿ ಮಿಷನ್ ಮುಂದೆ ಕೂತವಳನ್ನು ಬೀದಿಯವರೆಲ್ಲ ಚೀಟಿ ಅಕ್ಕ ಎನ್ನುತ್ತೇವೆ. ಹರಿದ ಬಟ್ಟೆ ಬಂದರೆ ಅವಳು ಸೂಜಿ ಮುಟ್ಟುವ ಮೊದಲು ಚೀಟಿ ಬರೆಯುತ್ತಾಳೆ. ಎಲ್ಲಿ ಹರಿದಿದೆ, ಎಷ್ಟು ಉದ್ದ, ಯಾವ ಗುಂಡಿ ಇಲ್ಲ, ಎಲ್ಲವನ್ನೂ. ಕೊನೆಗೆ ಗಿರಾಕಿಯ ಸಹಿ ಬೇಕೇ ಬೇಕು. ಹಿಂದೊಮ್ಮೆ ಯಾರೋ ಮೊದಲೇ ಸುಟ್ಟಿದ್ದ ಕೋಟು ತಂದು, ನೀನೇ ಸುಟ್ಟೆ ಎಂದು ರಂಪ ಮಾಡಿದ್ದರಂತೆ. ನನ್ನ ಅಂಗಿಯ ಒಂದೇ ಒಂದು ಗುಂಡಿಗೂ ಸಹಿ ಹಾಕಿಸಿಕೊಂಡ ಪುಣ್ಯಾತ್ಗಿತ್ತಿ ಅವಳು. ಅದಕ್ಕೆ ನಾನು ರೇಗಿಸದ ದಿನವಿಲ್ಲ.

ಅವಳ ತೀರಿಹೋದ ತಂಗಿಯ ಮಗಳಿಗೆ ಹದಿನಾರು ವರ್ಷ. ದೊಡ್ಡಮ್ಮನ ಮಡಿಲಲ್ಲೇ ಬೆಳೆದ ಹುಡುಗಿ, ಮಹಾ ಬಾಯಾಳಿ. ಒಂದು ಮಧ್ಯಾಹ್ನ ಮಾರುಕಟ್ಟೆಯಲ್ಲಿ ಯಾರೋ ಫೋನ್ ಕದ್ದು ಓಡಿದರು. ನೀಲಿ ಅಂಗಿ ಎಂದಷ್ಟೇ ಕೇಳಿಸಿಕೊಂಡ ಪೊಲೀಸಿನವನು ನೀಲಿ ಅಂಗಿ ತೊಟ್ಟಿದ್ದ ಈ ಹುಡುಗಿಯನ್ನು ನೆಲಕ್ಕೆ ಕೆಡವಿ, ಕೈ ತಿರುಚಿ ಠಾಣೆಗೆ ಎಳೆದೊಯ್ದ. ಫೋನ್ ಬೇರೊಬ್ಬನ ಹತ್ತಿರ ಸಿಕ್ಕಿತು. ಮರ್ಯಾದಸ್ಥನಾಗಿದ್ದರೆ ಕ್ಷಮೆ ಕೇಳುತ್ತಿದ್ದ. ಈ ಮಹಾನುಭಾವ, ಹುಡುಗಿಯೇ ತನ್ನನ್ನು ತಳ್ಳಿ ಓಡಿ ತಂತಿಬೇಲಿಗೆ ಸಿಕ್ಕಿ ಬಿದ್ದಳು ಎಂದು ಅವಳ ಮೇಲೆಯೇ ಕೇಸು ಜಡಿದ!

ಸಂಜೆ ಹುಡುಗಿ ಮನೆಗೆ ಬಂದಾಗ ಅಕ್ಕ ಅತ್ತಳು, ಆ ಪೊಲೀಸಿನವನಿಗೆ ಹಿಡಿಶಾಪ ಹಾಕಿದಳು. ಆಮೇಲೆ ಕೈ ಸುಮ್ಮನಿರಬೇಕಲ್ಲ? ಆ ಎಳೆದಾಟದಲ್ಲಿ ಹರಿದಿದ್ದ ಅಂಗಿ ತೆಗೆದುಕೊಂಡು ಚೀಟಿ ಬರೆದು, ತೋಳು ಹೊಲಿದು, ಇಸ್ತ್ರಿ ಮಾಡಿಟ್ಟಳು. ಸಹಿ ಜಾಗದಲ್ಲಿ ಹುಡುಗಿ ಎಳೆದದ್ದು ಒಂದು ಸೊಟ್ಟ ಗೆರೆ ಮಾತ್ರ. ಮಣಿಕಟ್ಟು ಅಷ್ಟು ಊದಿತ್ತು.

ಮರುದಿನ ಉಚಿತ ಕಾನೂನು ನೆರವಿನ ವಕೀಲೆ ಬಂದರು.

"ಮೊದಲು ಆಸ್ಪತ್ರೆ. ಒಂದೊಂದು ಗಾಯಾನೂ ಡಾಕ್ಟರು ಬರೀಬೇಕು. ಆಮೇಲೆ ಮೇಲಧಿಕಾರಿಗೆ ಲಿಖಿತ ದೂರು. ಅವರು ಕಿವಿಗೆ ಹಾಕ್ಕೊಳ್ದಿದ್ರೆ ನೇರ ಕೋರ್ಟಿಗೆ. ಮಕ್ಕಳ ಕೋರ್ಟಲ್ಲಿ ಇವಳ ಕೇಸು ರದ್ದು ಮಾಡಿಸೋಣ, ಪರಿಹಾರಾನೂ ಕೇಳೋಣ. ಎಲ್ಲಿ, ಆ ಹರಿದ ಅಂಗಿ ಕೊಡಿ."

ಅಕ್ಕ ಹೆಮ್ಮೆಯಿಂದ ಗರಿಗರಿ ಅಂಗಿ ತಂದುಕೊಟ್ಟಳು. ವಕೀಲೆ ತಲೆ ಮೇಲೆ ಕೈ ಹೊತ್ತು ಕೂತರು.

"ಅಯ್ಯೋ, ಸಾಕ್ಷೀನೇ ಹೊಲಿದುಬಿಟ್ರಲ್ಲಮ್ಮಾ!"

"ಬಿಡು ದೊಡ್ಡಮ್ಮ," ಎಂದಳು ಹುಡುಗಿ. "ನಂದೇ ತಪ್ಪು ಅಂತ ಒಪ್ಕೊಂಡ್ಬಿಡ್ತೀನಿ."

ಹಲಗೆ ಗೋಡೆಯಾಚೆ ಕೂತಿದ್ದ ನನಗೂ ಅದು ಕೇಳಿಸಿತು. ಮಾಡದ ತಪ್ಪನ್ನು ಹುಡುಗಿ ನಂಬತೊಡಗಿದ್ದಳು.

ಮೇಲಧಿಕಾರಿ ದೂರನ್ನು ಮೂಲೆಗೆ ತಳ್ಳಿದ. ಕೋರ್ಟಿಗೆ ಅವರ ಜೊತೆ ನಾನೂ ಹೋದೆ. ಅಲ್ಲಿ ಡಾಕ್ಟರ ವರದಿಯನ್ನು ಎದುರು ವಕೀಲ, ಬಿದ್ದರೂ ಹೀಗೆಯೇ ಊದುತ್ತದೆ ಎಂದು ಹಾರಿಸಿಬಿಟ್ಟ. ನಮ್ಮ ವಕೀಲೆ ಅಂಗಿಯ ಜೊತೆ ಕೊಟ್ಟ ಚೀಟಿ ನೋಡಿ ಮುಸಿಮುಸಿ ನಕ್ಕ. "ಮನೆಯವರೇ ಬರೆದದ್ದಲ್ವಾ ಇದು?"

ಅಕ್ಕ ನ್ಯಾಯಾಧೀಶರತ್ತ ತಿರುಗಿದಳು. "ಸ್ವಾಮಿ, ಚೀಟಿ ನಂಬಬೇಡಿ. ಒಂದು ಕತ್ತರಿ ಕೊಡಿಸಿ."

ಗುಮಾಸ್ತ ಕತ್ತರಿ ಕೊಟ್ಟ. ಅಕ್ಕ ತನ್ನ ಹೊಲಿಗೆಯನ್ನು ಪಟಪಟನೆ ಬಿಚ್ಚಿದಳು.

"ಈ ಅಂಗಿ ಮೊದಲು ಹೊಲಿದವಳೂ ನಾನೇ. ರಿಪೇರಿಗೆ ಬಂದ್ರೆ ಹಳೇ ದಾರ ಕೀಳಲ್ಲ, ಪಕ್ಕದಲ್ಲೇ ಹೊಲೀತೀನಿ. ನೋಡಿ, ಅವತ್ತು ಹೆಂಗಿತ್ತೋ ಹಂಗೇ ಇದೆ. ತಂತಿಬೇಲಿಗೆ ಸಿಕ್ಕಿದ್ರೆ ಬಟ್ಟೆ ಸೀಳ್ಬೇಕಿತ್ತು. ಇದ್ರಲ್ಲಿ ಒಂದು ತೂತಿದ್ರೆ ತೋರಿಸ್ಲಿ! ತೋಳಿನ ಹಿಂದಿನ ಹೊಲಿಗೆ ಕಿತ್ತಿದೆ, ಕತ್ತಿನ ಗುಂಡಿ ದಾರ ಸಮೇತ ಕಿತ್ತುಹೋಗಿದೆ. ಹಿಂದಿನಿಂದ ಕಾಲರು, ತೋಳು ಹಿಡಿದು ಜಗ್ಗಿದ್ರೇನೇ ಹಿಂಗಾಗೋದು."

ನ್ಯಾಯಾಧೀಶರು ಅಂಗಿಯನ್ನು ಬೆಳಕಿಗೆ ಹಿಡಿದು, ಚೀಟಿಯ ಜೊತೆ ಸಾಲುಸಾಲಾಗಿ ತಾಳೆ ನೋಡಿದರು. "ತಂತಿ ಎಲ್ಲಿ ಚುಚ್ಚಿದೆ, ನೀವೇ ತೋರಿಸಿ," ಎಂದು ಪೊಲೀಸಿನವನ ಕೈಗೆ ಕೊಟ್ಟರು. ಅವನು ತಿರುಗಿಸಿದ, ಮುರುಗಿಸಿದ. ಮುಖ ಇಂಗು ತಿಂದ ಮಂಗನಂತಾಯಿತು. ನನಗಂತೂ ಸಿಳ್ಳೆ ಹಾಕುವಷ್ಟು ಖುಷಿ!

ಹುಡುಗಿಯ ಮೇಲಿನ ಕೇಸು ವಜಾ. ಪೊಲೀಸಿನವನ ಮೇಲೆ ಮೊಕದ್ದಮೆ ಹೂಡಲು ಆದೇಶ. ಹುಡುಗಿಗೆ ಪರಿಹಾರ. ಅಂಗಿ ಮಾತ್ರ ಮುಂದಿನ ವಿಚಾರಣೆಗೆ ಕೋರ್ಟಿನಲ್ಲೇ ಇರಬೇಕು.

"ಇರ್ಲಿ ಸ್ವಾಮಿ," ಎಂದಳು ಅಕ್ಕ. "ಹೆಂಗಿದೆಯೋ ಹಂಗೆ ಚೀಟಿ ಬರೆದು ಕೊಡ್ಸಿ."

ಕೋರ್ಟೆಲ್ಲ ಗೊಳ್ಳೆಂದಿತು. ನ್ಯಾಯಾಧೀಶರೂ ನಕ್ಕು, ಬರೆಯುವಂತೆ ಗುಮಾಸ್ತನಿಗೆ ಹೇಳಿದರು. ಕೊನೆಗೆ ಅವನು, ಅಂಗಿ ಕೊಟ್ಟವರ ಸಹಿ ಯಾರದು ಎಂದು ಕೇಳಿದ.

"ಅಂಗಿ ನಂದು," ಎಂದಳು ಹುಡುಗಿ, ಇಡೀ ಕೋರ್ಟಿಗೆ ಕೇಳುವ ಹಾಗೆ. ಪೆನ್ನು ತೆಗೆದುಕೊಂಡು ತನ್ನ ಪೂರ್ತಿ ಹೆಸರನ್ನು ದೊಡ್ಡ ಅಕ್ಷರದಲ್ಲಿ ನೆಟ್ಟಗೆ ಬರೆದಳು.